‘ನನಗ್ಯಾಕೆ ಸರ್?’ ಅನ್ನುವ ಮಾತು

(ರಾಷ್ಟ್ರೀಯ ವಿಜ್ಞಾನ ದಿನದಂದು ಪದವಿ ಕಾಲೇಜೊಂದರಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ. ಮಾತಿನಲ್ಲಿ ಬಂದದ್ದನ್ನು ಹೆಚ್ಚು ತಿದ್ದಿಲ್ಲ.)

ಎಲ್ಲರಿಗೂ ನಮಸ್ಕಾರ.

ಈ ಕಾರ್ಯಕ್ರಮದ ಆಹ್ವಾನ ಪತ್ರಿಕೆ ನಿಮ್ಮ ಕೈಯಲ್ಲೂ ಇದೆ. ಒಮ್ಮೆ ತೆಗೆದು ನೋಡಿ. ಹೆಸರು ಬಿಡಿ, ಹೆಸರಿನ ಹಿಂದೆ ಇರುವುದನ್ನು ಮಾತ್ರ ಓದಿ. ಪ್ರಾರ್ಥನೆ, ಕುಮಾರಿ. ಸ್ವಾಗತ, ಶ್ರೀಮತಿ. ನಿರೂಪಣೆ, ಕುಮಾರಿ. ವಂದನಾರ್ಪಣೆ, ಶ್ರೀಮತಿ. ಉದ್ಘಾಟನೆ, ಶ್ರೀ. ಅಧ್ಯಕ್ಷತೆ, ಶ್ರೀ. ಮುಖ್ಯ ಅತಿಥಿ, ಶ್ರೀ. ಉಪನ್ಯಾಸ ಅನ್ನುವ ಜಾಗದಲ್ಲಿ ನಾನು ಇದ್ದೇನೆ, ಅಷ್ಟೇ.

ಈ ಕಾಲೇಜಿನ ಮೇಲೆ ದೂರು ಹೇಳಲು ಇದನ್ನು ಓದಲಿಲ್ಲ. ನಾನು 31 ವರ್ಷ ರಸಾಯನಶಾಸ್ತ್ರ ಪಾಠ ಮಾಡಿದವಳು. ಆ 31 ವರ್ಷದಲ್ಲಿ ಕೈಗೆ ಬಂದ ಆಹ್ವಾನ ಪತ್ರಿಕೆಗಳೆಲ್ಲ ಹೆಚ್ಚುಕಡಿಮೆ ಹೀಗೇ ಇದ್ದವು. ಬಾಗಿಲಲ್ಲಿ ರಂಗೋಲಿ ಹಾಕಿದ್ದು ಹುಡುಗಿಯರು. ಶಾಲು, ಹಾರ, ಹಣ್ಣಿನ ಬುಟ್ಟಿ ಇಟ್ಟ ತಟ್ಟೆ ಹಿಡಿದು ವೇದಿಕೆ ಪಕ್ಕ ನಿಂತದ್ದೂ ಹುಡುಗಿಯರೇ. ಇದನ್ನು ಯಾರೂ ಕೂತು ತೀರ್ಮಾನ ಮಾಡಿರುವುದಿಲ್ಲ. ತನ್ನಷ್ಟಕ್ಕೆ ಹಾಗೆ ಆಗಿಬಿಡುತ್ತದೆ.

ಒಳಗೆ ಬರುವ ಮೊದಲು ನಿಮ್ಮ ಪ್ರಾಂಶುಪಾಲರ ಕೋಣೆಯಲ್ಲಿ ಕಾಫಿ ಕುಡಿಯುತ್ತಿದ್ದೆ. ಮಾತಿನ ಮಧ್ಯೆ ಅವರು ಹೇಳಿದರು, ಅಂತಿಮ ವರ್ಷದ ಬಿ.ಎಸ್ಸಿ.ಯಲ್ಲಿ ಹುಡುಗಿಯರೇ ಜಾಸ್ತಿ, ರ್‍ಯಾಂಕ್ ತೆಗೆಯುವವರೂ ಅವರೇ ಎಂದು. ಮೇಜಿನ ಮೇಲೆ ವಿಜ್ಞಾನ ಸಂಘದ ಚುನಾವಣೆಯ ಕಡತ ಇತ್ತು. ಅಧ್ಯಕ್ಷ ಸ್ಥಾನಕ್ಕೆ ಈವರೆಗೆ ಐದು ಹೆಸರು ಬಂದಿವೆಯಂತೆ. ಐದೂ ಹುಡುಗರದು. ಸಹ ಕಾರ್ಯದರ್ಶಿಗೆ ಏಳು ಹೆಸರು. ಏಳೂ ಹುಡುಗಿಯರದು. ‘ಯಾಕೆ ಹೀಗೆ?’ ಅಂದೆ. ‘ಅವರಿಗೆ ಆಸಕ್ತಿ ಇಲ್ಲ ಮೇಡಂ’ ಅಂದರು. ಅವರು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಆದರೆ ಆ ಮಾತು ನನ್ನನ್ನು ಬಿಡಲಿಲ್ಲ. ಬರೆದು ತಂದಿದ್ದ ಮಾತುಗಳನ್ನು ಬದಿಗಿಟ್ಟು, ಇವತ್ತು ಅದೊಂದರ ಬಗ್ಗೆಯೇ ಮಾತಾಡುತ್ತೇನೆ. ಆಸಕ್ತಿ ಇಲ್ಲವೋ, ಇದ್ದದ್ದು ಎಲ್ಲೋ ಕರಗಿ ಹೋಯಿತೋ?

ಮೊದಲು ನನ್ನದೇ ಕಥೆ ಹೇಳಿಬಿಡುತ್ತೇನೆ. ನಾನು ಕೆಲಸ ಮಾಡುತ್ತಿದ್ದ ಕಾಲೇಜಿನಲ್ಲಿ ಸಂಶೋಧನಾ ಕೇಂದ್ರ ಶುರು ಮಾಡುವುದು ಎಂದಾಯಿತು. ವಿಭಾಗದಲ್ಲಿ ಪಿಎಚ್.ಡಿ. ಮೊದಲು ಮುಗಿಸಿದವಳು ನಾನು, ಹೆಚ್ಚು ಪ್ರಬಂಧ ಪ್ರಕಟಿಸಿದವಳೂ ನಾನೇ. ಆಗಿನ ಪ್ರಾಂಶುಪಾಲರು ಕರೆದು, ‘ಮೇಡಂ, ಕೇಂದ್ರದ ಜವಾಬ್ದಾರಿ ನೀವು ತಗೋತೀರಾ?’ ಎಂದು ಕೇಳಿದರು. ನಾನು ಅರೆಕ್ಷಣವೂ ಯೋಚಿಸಲಿಲ್ಲ. ‘ನನಗ್ಯಾಕೆ ಸರ್?’ ಅಂದೆ. ನನಗಿಂತ ಆರು ವರ್ಷ ಚಿಕ್ಕವರಾದ ಸಹೋದ್ಯೋಗಿಯ ಹೆಸರು ಹೇಳಿ ಎದ್ದು ಬಂದೆ.

ಆ ಸಂಜೆ ಮನೆಯಲ್ಲಿ ಅಕ್ಕಿ ತೊಳೆಯುತ್ತಿದ್ದೆ. ನೀರು ತಿಳಿಯಾದರೂ ತೊಳೆಯುತ್ತಲೇ ಇದ್ದೆ. ಕೇಂದ್ರಕ್ಕೆ ಯಾವ ಉಪಕರಣ ಮೊದಲು ತರಿಸಬೇಕು, ಯಾವ ವಿದ್ಯಾರ್ಥಿಗೆ ಯಾವ ವಿಷಯ ಕೊಡಬಹುದು, ಎಲ್ಲ ತಲೆಯಲ್ಲಿ ಓಡುತ್ತಿತ್ತು. ಆಗ ಹೊಳೆಯಿತು, ಇದೆಲ್ಲ ಒಂದು ವರ್ಷದಿಂದ ನನ್ನ ತಲೆಯಲ್ಲಿ ಇದ್ದದ್ದೇ ಎಂದು. ನನಗೆ ಅದು ಬೇಕಾಗಿತ್ತು. ಬೇಕು ಅನ್ನುವ ಮಾತು ಬಾಯಿಗೆ ಬರಲಿಲ್ಲ ಅಷ್ಟೇ. ನನ್ನ ಸಹೋದ್ಯೋಗಿ ಒಪ್ಪಿಕೊಂಡರು. ಅವರಿಗೂ ಅನುಭವ ಇರಲಿಲ್ಲ. ಆರು ತಿಂಗಳಲ್ಲಿ ಕಲಿತರು, ಚೆನ್ನಾಗಿಯೇ ನಡೆಸಿದರು. ಮುಂದೆ ಒಮ್ಮೆ ಅವರನ್ನು ಕೇಳಿದೆ, ‘ಆವತ್ತು ಭಯ ಆಗಲಿಲ್ವಾ?’ ಎಂದು. ‘ಮಾಡ್ತಾ ಮಾಡ್ತಾ ಗೊತ್ತಾಗುತ್ತೆ ಅಂದ್ಕೊಂಡೆ ಮೇಡಂ’ ಅಂದರು. ನಾನು ಮಾತ್ರ ಎಲ್ಲ ಗೊತ್ತಾದ ಮೇಲೆ ಒಪ್ಪಿಕೊಳ್ಳಬೇಕು ಅಂದುಕೊಂಡಿದ್ದೆ.

‘ನನಗ್ಯಾಕೆ’ ಅನ್ನುವ ಮಾತು ನನಗೆ ಎಲ್ಲಿಂದ ಬಂತು? ಹಿಂದಕ್ಕೆ ಹೋಗಿ ನೋಡಿದರೆ ಅದು ನನ್ನ ಮಾತಲ್ಲವೇ ಅಲ್ಲ. ಯಾರ್‍ಯಾರೋ ನನಗೆ ಹೇಳಿದ್ದು, ‘ನಿನಗ್ಯಾಕೆ?’ ಎಂದು. ಸೈಕಲ್ ನಿನಗ್ಯಾಕೆ, ಎಂ.ಎಸ್ಸಿ. ನಿನಗ್ಯಾಕೆ, ಮದುವೆ ಆದ ಮೇಲೆ ಪಿಎಚ್.ಡಿ. ನಿನಗ್ಯಾಕೆ. ಎಷ್ಟೋ ವರ್ಷ ಕೇಳಿ ಕೇಳಿ ‘ನಿನಗೆ’ ಹೋಗಿ ‘ನನಗೆ’ ಬಂದು ಕೂತಿತ್ತು. ಆಮೇಲೆ ಬೇರೆಯವರು ಹೇಳುವ ಅಗತ್ಯವೇ ಇರಲಿಲ್ಲ.

ಇವತ್ತು ಫೆಬ್ರವರಿ 28. ಸಿ.ವಿ. ರಾಮನ್ ಅವರು 1928ರಲ್ಲಿ, ಬೆಳಕು ಚದುರುವ ಬಗೆಗೆ ಸಂಬಂಧಿಸಿದ ‘ರಾಮನ್ ಪರಿಣಾಮ’ವನ್ನು ಕಂಡುಕೊಂಡ ದಿನ. ಅವರ ಬಗ್ಗೆ ನನಗೆ ದೊಡ್ಡ ಗೌರವ ಇದೆ. ಆ ಗೌರವ ಇಟ್ಟುಕೊಂಡೇ ಒಂದು ಘಟನೆ ಹೇಳುತ್ತೇನೆ. ಇದೇ ದಿನ ಹೇಳದಿದ್ದರೆ ಇನ್ಯಾವಾಗ ಹೇಳುವುದು?

1933ನೇ ಇಸವಿ. ಕಮಲಾ ಭಾಗವತ್ ಎಂಬ ಹುಡುಗಿ ಮುಂಬಯಿ ವಿಶ್ವವಿದ್ಯಾಲಯದ ಬಿ.ಎಸ್ಸಿ.ಯಲ್ಲಿ ಮೊದಲ ಸ್ಥಾನ ಪಡೆದಿದ್ದರು. ಅವರ ಅಪ್ಪ, ಚಿಕ್ಕಪ್ಪ ಇಬ್ಬರೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ನಮ್ಮ ಜನ ಟಾಟಾ ಇನ್‌ಸ್ಟಿಟ್ಯೂಟ್ ಅನ್ನುತ್ತಾರಲ್ಲ, ಅಲ್ಲಿ ಓದಿದವರು. ಕಮಲಾ ಅಲ್ಲಿಗೇ ಅರ್ಜಿ ಹಾಕಿದರು. ಆಗ ರಾಮನ್ ಅಲ್ಲಿನ ನಿರ್ದೇಶಕರು. ಅರ್ಜಿ ತಿರಸ್ಕಾರವಾಯಿತು. ಕಾರಣ ಅಂಕವಲ್ಲ, ಹೆಣ್ಣು ಅನ್ನುವುದು. ಕಮಲಾ ನೇರವಾಗಿ ರಾಮನ್ ಅವರ ಎದುರಿಗೇ ಹೋಗಿ ಯಾಕೆ ಎಂದು ಕೇಳಿದರು. ಕಡೆಗೆ ಷರತ್ತಿನ ಮೇಲೆ ಸೇರಿಸಿಕೊಂಡರು. ಮೊದಲ ವರ್ಷ ಅವರು ರೆಗ್ಯುಲರ್ ವಿದ್ಯಾರ್ಥಿಯಲ್ಲ. ಮಾರ್ಗದರ್ಶಕರು ಹೇಳಿದರೆ ರಾತ್ರಿ ಎಷ್ಟು ಹೊತ್ತಾದರೂ ಕೆಲಸ ಮಾಡಬೇಕು. ಪ್ರಯೋಗಾಲಯದ ವಾತಾವರಣ ಕೆಡಿಸಬಾರದು. ಆ ಕೊನೆಯ ಷರತ್ತನ್ನು ಸ್ವಲ್ಪ ಯೋಚಿಸಿ ನೋಡಿ. ಒಬ್ಬ ಹುಡುಗಿ ಸುಮ್ನೆ ಅಲ್ಲಿ ಇರುವುದೇ ಕೆಡಿಸುವುದು ಎಂದು ಅದರ ಅರ್ಥ.

ಎಂ. ಶ್ರೀನಿವಾಸಯ್ಯ ಅವರ ಮಾರ್ಗದರ್ಶನದಲ್ಲಿ ಕಮಲಾ ಹಾಲು ಮತ್ತು ಬೇಳೆಕಾಳುಗಳ ಪ್ರೋಟೀನ್ ಬಗ್ಗೆ ಕೆಲಸ ಮಾಡಿದರು. ಒಂದು ವರ್ಷದ ನಂತರ ರಾಮನ್ ಅವರ ಮನಸ್ಸು ಬದಲಾಯಿತು. ಅಲ್ಲಿಂದ ಮುಂದೆ ಹೆಣ್ಣುಮಕ್ಕಳಿಗೂ ಪ್ರವೇಶ ಸಿಕ್ಕಿತು. ಕಮಲಾ ಕೇಂಬ್ರಿಜ್‌ಗೆ ಹೋದರು. ಜೀವಕೋಶದ ಉಸಿರಾಟಕ್ಕೆ ಬೇಕಾದ ಸೈಟೋಕ್ರೋಮ್ ಸಿ ಎಂಬ ಪ್ರೋಟೀನ್ ಗಿಡಗಳ ಜೀವಕೋಶದಲ್ಲೂ ಇದೆ ಎಂದು ತೋರಿಸಿದರು. 1939ರಲ್ಲಿ ಪಿಎಚ್.ಡಿ. ಪಡೆದರು. ಮದುವೆಯ ನಂತರ ಅವರು ಕಮಲಾ ಸೊಹೊನಿ.

ಈ ಕಥೆಯನ್ನು ಎಲ್ಲರೂ ಇಲ್ಲಿಗೆ ನಿಲ್ಲಿಸುತ್ತಾರೆ. ಬಾಗಿಲು ತೆರೆಯಿತು, ಚಪ್ಪಾಳೆ. ನನಗೆ ಮುಖ್ಯ ಅನಿಸುವುದು ಮುಂದಿನ ಭಾಗ. ಕಮಲಾ ಮುಂಬಯಿಗೆ ಬಂದು ಅಲ್ಲಿನ ಇನ್‌ಸ್ಟಿಟ್ಯೂಟ್ ಆಫ್ ಸೈನ್ಸ್‌ನಲ್ಲಿ ಪ್ರಾಧ್ಯಾಪಕಿಯಾದರು. ನೀರಾದಲ್ಲಿರುವ ಪೋಷಕಾಂಶಗಳ ಬಗ್ಗೆ ಕೆಲಸ ಮಾಡಿದರು. ಬಡ ಮಕ್ಕಳ, ಬಸುರಿಯರ ಆಹಾರಕ್ಕೆ ಅದು ಎಷ್ಟು ಉಪಯೋಗ ಎಂದು ತೋರಿಸಿದರು. ಆದರೆ ನಿರ್ದೇಶಕರ ಹುದ್ದೆಗೆ ಅವರ ಸರದಿ ಬಂದಾಗ ನಾಲ್ಕು ವರ್ಷ ಆ ಕುರ್ಚಿ ಅವರಿಗೆ ಸಿಗಲಿಲ್ಲ. ಒಳಗಿನ ರಾಜಕೀಯ ಅವರನ್ನು ದೂರ ಇಟ್ಟಿತ್ತು. ಬಾಗಿಲ ಹತ್ತಿರ ತಡೆದದ್ದು ಎಲ್ಲರಿಗೂ ಕಾಣುತ್ತದೆ. ಮೆಟ್ಟಿಲ ಮೇಲೆ ತಡೆದದ್ದು ಕಾಣುವುದಿಲ್ಲ. ಕೇಳಿದರೆ ‘ಅವರಿಗೇ ಆಸಕ್ತಿ ಇರಲಿಲ್ಲ’ ಎಂದುಬಿಡುವುದು ಸುಲಭ. ಕಮಲಾ ವಿಷಯದಲ್ಲಿ ಹಾಗೆ ಅನ್ನಲು ಆಗಲಿಲ್ಲ, ಯಾಕೆಂದರೆ ಅವರು ಬಿಡಲಿಲ್ಲ. ಕಡೆಗೆ ನಿರ್ದೇಶಕಿಯಾದರು.

ಇನ್ನೊಬ್ಬರು ನಮ್ಮವರೇ, ರಾಜೇಶ್ವರಿ ಚಟರ್ಜಿ. 1922ರಲ್ಲಿ ಹುಟ್ಟಿದವರು. ಅಜ್ಜಿ ಕಮಲಮ್ಮ ದಾಸಪ್ಪ ಮೈಸೂರು ಸಂಸ್ಥಾನದ ಮೊದಲ ಮಹಿಳಾ ಪದವೀಧರರಲ್ಲಿ ಒಬ್ಬರು. ವಿಧವೆಯರ, ಗಂಡ ಬಿಟ್ಟ ಹೆಂಗಸರ ಓದಿಗಾಗಿ ದುಡಿದವರು. ಹಾಗಾಗಿ ಆ ಮನೆಯಲ್ಲಿ ‘ನಿನಗ್ಯಾಕೆ’ ಅನ್ನುವ ಮಾತು ಕಡಿಮೆ ಇದ್ದಿರಬೇಕು. ರಾಜೇಶ್ವರಿ ಸೆಂಟ್ರಲ್ ಕಾಲೇಜಿನಲ್ಲಿ ಗಣಿತ ಓದಿದರು, ಟಾಟಾ ಇನ್‌ಸ್ಟಿಟ್ಯೂಟಿಗೆ ಸೇರಿದರು, ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯಕ್ಕೆ ಹೋದರು. 1953ರಲ್ಲಿ ಡಾಕ್ಟರೇಟ್ ಮುಗಿಸಿ ವಾಪಸ್ ಬಂದು ಅದೇ ಸಂಸ್ಥೆಯಲ್ಲಿ ಅಧ್ಯಾಪಕಿಯಾದರು. ಮೈಕ್ರೋವೇವ್ ಮತ್ತು ಆಂಟೆನಾ ಎಂಜಿನಿಯರಿಂಗ್ ಅವರ ಕ್ಷೇತ್ರ. ಮುಂದೆ ಅಲ್ಲಿನ ಎಲೆಕ್ಟ್ರಿಕಲ್ ಕಮ್ಯುನಿಕೇಷನ್ ಎಂಜಿನಿಯರಿಂಗ್ ವಿಭಾಗದ ಮುಖ್ಯಸ್ಥೆಯೂ ಆದರು. 20 ವಿದ್ಯಾರ್ಥಿಗಳಿಗೆ ಪಿಎಚ್.ಡಿ. ಮಾಡಿಸಿದರು. ಕಮಲಾ ಅವರನ್ನು ‘ವಾತಾವರಣ ಕೆಡಿಸಬೇಡ’ ಎಂದು ಒಳಗೆ ಬಿಟ್ಟ ಸಂಸ್ಥೆಯಲ್ಲಿ, ಹೆಣ್ಣೊಬ್ಬಳು ಎಂಜಿನಿಯರಿಂಗ್ ವಿಭಾಗದ ಕುರ್ಚಿಯಲ್ಲಿ ಕೂತರು. ನಮ್ಮ ಎಂಜಿನಿಯರಿಂಗ್ ಹುಡುಗಿಯರಲ್ಲಿ ಎಷ್ಟು ಜನಕ್ಕೆ ಇವರ ಹೆಸರು ಗೊತ್ತಿದೆ? ಇದು ನನಗೆ ನಿಜಕ್ಕೂ ನೋವಿನ ಸಂಗತಿ.

ಅಂಕಿ ಅಂಶ ಬೇಗ ಹೇಳಿ ಮುಗಿಸುತ್ತೇನೆ. 2020-21ರ ಸರ್ಕಾರಿ ಸಮೀಕ್ಷೆಯ ಪ್ರಕಾರ ದೇಶದಲ್ಲಿ ವಿಜ್ಞಾನ ಓದುತ್ತಿದ್ದವರು 57.2 ಲಕ್ಷ. ಅದರಲ್ಲಿ ಹುಡುಗಿಯರು 29.5 ಲಕ್ಷ, ಅಂದರೆ ಅರ್ಧಕ್ಕಿಂತ ಜಾಸ್ತಿ. ಸಂಶೋಧನೆಯಲ್ಲಿ ಕೆಲಸ ಮಾಡುವವರನ್ನು ಲೆಕ್ಕ ಹಾಕಿದಾಗ ಮಹಿಳೆಯರು ಸಿಗುವುದು ಐದಾರು ಜನರಲ್ಲಿ ಒಬ್ಬರು. ಇನ್ನು ಮೇಲಕ್ಕೆ ಹೋಗಿ. ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಮಂಡಳಿ, ಅಂದರೆ ಸಿಎಸ್ಐಆರ್, ಶುರುವಾದದ್ದು 1942ರಲ್ಲಿ. ಅದರ ಮಹಾನಿರ್ದೇಶಕ ಹುದ್ದೆಗೆ ಮೊದಲ ಮಹಿಳೆ ಎನ್. ಕಲೈಸೆಲ್ವಿ ಬಂದದ್ದು 2022ರಲ್ಲಿ, 80 ವರ್ಷದ ನಂತರ. ರಾಷ್ಟ್ರೀಯ ವಿಜ್ಞಾನ ಅಕಾಡೆಮಿ 1935ರದು. ಮೊದಲ ಮಹಿಳಾ ಅಧ್ಯಕ್ಷೆ ಚಂದ್ರಿಮಾ ಶಹಾ, 2020ರಲ್ಲಿ.

ಮನೆ, ಮಕ್ಕಳು, ಸಂಸಾರ ಎಂದು ಹೆಂಗಸರೇ ಬಿಟ್ಟು ಹೋಗುತ್ತಾರೆ ಅನ್ನುವ ಮಾತು ಇದೆಯಲ್ಲ, ಅದನ್ನು ಬೆಂಗಳೂರಿನಲ್ಲೇ ಒಂದು ತಂಡ ಪರೀಕ್ಷಿಸಿ ನೋಡಿತು. ಭೌತವಿಜ್ಞಾನಿ ರೋಹಿಣಿ ಗೋಡಬೋಲೆ ಕೂಡ ಆ ತಂಡದಲ್ಲಿ ಇದ್ದರು. 2010ರಲ್ಲಿ ವರದಿ ಬಂತು. ವಿಜ್ಞಾನದಲ್ಲಿ ಪಿಎಚ್.ಡಿ. ಮಾಡಿದ 568 ಮಹಿಳೆಯರನ್ನೂ 226 ಪುರುಷರನ್ನೂ ಕೇಳಿದ್ದರು. ಸಂಶೋಧನೆ ಬಿಟ್ಟ ಮಹಿಳೆಯರಲ್ಲಿ ಹೆಚ್ಚಿನವರು ಹೇಳಿದ ಕಾರಣ ಮನೆಯಲ್ಲ, ತಕ್ಕ ಕೆಲಸ ಸಿಗಲಿಲ್ಲ ಅನ್ನುವುದು. ಸಂಶೋಧನೆಯಲ್ಲಿ ಉಳಿದವರಲ್ಲಿ ಮದುವೆಯೇ ಆಗದ ಮಹಿಳೆಯರು ನೂರಕ್ಕೆ 14. ಗಂಡಸರಲ್ಲಿ 2.5. ಒಂದೇ ಕೆಲಸಕ್ಕೆ ಯಾರು ಏನು ಬಿಟ್ಟುಕೊಡಬೇಕಾಯಿತು ಎಂದು ಈ ಎರಡು ಸಂಖ್ಯೆ ಹೇಳುತ್ತವೆ.

ಈಗ ಮತ್ತೆ ಆಹ್ವಾನ ಪತ್ರಿಕೆಗೆ ಬರೋಣ. ಅದರ ಬಗ್ಗೆ ನಾನು ಯಾಕೆ ಇಷ್ಟು ಮಾತಾಡುತ್ತಿದ್ದೇನೆ ಅಂತ ನಿಮಗೆ ಅನಿಸಬಹುದು. ವಿಭಾಗದ ಸಭೆ ಅಂದರೆ ನನಗೆ ನೆನಪಾಗುವುದು ಒಂದು ನೀಲಿ ರಟ್ಟಿನ ಮಿನಿಟ್ಸ್ ಪುಸ್ತಕ. ಸಭೆ ಶುರುವಾಗುವ ಮೊದಲೇ ಅದು ಮೇಜಿನ ಮೇಲೆ ಜಾರಿಕೊಂಡು ನನ್ನ ಮುಂದೆ ಬಂದು ನಿಲ್ಲುತ್ತಿತ್ತು. ‘ನಿಮ್ಮ ಅಕ್ಷರ ಚೆನ್ನಾಗಿದೆ ಮೇಡಂ.’ 14 ವರ್ಷ ಬರೆದೆ. ಬರೆಯುವವರಿಗೆ ಮಾತಾಡಲು ಆಗುವುದಿಲ್ಲ, ನೀವೇ ಬೇಕಾದರೆ ಮಾಡಿ ನೋಡಿ. ಬೇರೆಯವರ ಮಾತು ಬರೆದುಕೊಳ್ಳುವಷ್ಟರಲ್ಲಿ ನಮ್ಮ ಮಾತಿನ ಸಮಯ ಮುಗಿದಿರುತ್ತದೆ. ಬಡ್ತಿಯ ಅರ್ಜಿಯಲ್ಲಿ ‘ಮಿನಿಟ್ಸ್ ಬರೆದ ವರ್ಷಗಳು’ ಎಂಬ ಕಾಲಮ್ಮೂ ಇರುವುದಿಲ್ಲ.

ಇದರ ಬಗ್ಗೆ ಅಮೆರಿಕದ ನಾಲ್ವರು ಸಂಶೋಧಕಿಯರು ಒಂದು ಚೆಂದದ ಪ್ರಯೋಗ ಮಾಡಿ 2017ರಲ್ಲಿ ಪ್ರಕಟಿಸಿದರು. ಮೂರು ಮೂರು ಜನರ ಗುಂಪು. ಎರಡು ನಿಮಿಷದ ಒಳಗೆ ಯಾರಾದರೂ ಒಬ್ಬರು ಕಂಪ್ಯೂಟರಿನಲ್ಲಿ ಒಂದು ಬಟನ್ ಒತ್ತಬೇಕು. ಯಾರೂ ಒತ್ತದಿದ್ದರೆ ಎಲ್ಲರಿಗೂ ಒಂದೊಂದು ಡಾಲರ್. ಒಬ್ಬರು ಒತ್ತಿದರೆ ಉಳಿದ ಇಬ್ಬರಿಗೆ ಎರಡೆರಡು ಡಾಲರ್, ಒತ್ತಿದವರಿಗೆ ಮಾತ್ರ ಒಂದೂಕಾಲು. ಅಂದರೆ ಕೆಲಸ ಆಗಲೇಬೇಕು, ಮಾಡಿದವರಿಗೆ ಲಾಭ ಕಡಿಮೆ. ಥೇಟ್ ನನ್ನ ಮಿನಿಟ್ಸ್ ಪುಸ್ತಕ. ಗಂಡಸರು ಹೆಂಗಸರು ಸೇರಿ ಇದ್ದ ಗುಂಪುಗಳಲ್ಲಿ ಹೆಂಗಸರೇ ಹೆಚ್ಚು ಸಲ ಒತ್ತಿದರು. ಆದರೆ ಬರೀ ಹೆಂಗಸರನ್ನೇ, ಬರೀ ಗಂಡಸರನ್ನೇ ಕೂರಿಸಿದಾಗ ವ್ಯತ್ಯಾಸ ಮಾಯವಾಯಿತು. ಬರೀ ಗಂಡಸರಿದ್ದಾಗ ಅವರೂ ಅಷ್ಟೇ ಸಲ ಒತ್ತಿದರು. ಹಾಗಾದರೆ ಇದು ಹುಟ್ಟುಗುಣ ಹೇಗಾದೀತು? ಕೋಣೆಯಲ್ಲಿ ಹೆಣ್ಣು ಇದ್ದರೆ ಅವಳು ಮಾಡುತ್ತಾಳೆ ಎಂದು ಎಲ್ಲರೂ ಕಾಯುತ್ತಾರೆ. ಅವಳಿಗೂ ಅದು ಗೊತ್ತು.

ಸರಿ, ಒಬ್ಬಳು ಮಿನಿಟ್ಸ್ ಪುಸ್ತಕ ಪಕ್ಕಕ್ಕೆ ತಳ್ಳಿ, ‘ಈ ಕೇಂದ್ರ ನಾನು ನಡೆಸುತ್ತೇನೆ’ ಅಂದಳು ಎಂದಿಟ್ಟುಕೊಳ್ಳಿ. ಆಗ ಏನಾಗುತ್ತದೆ? ನಮ್ಮ ಭಾಷೆಯಲ್ಲೇ ಅವಳಿಗೊಂದು ಪದ ಸಿದ್ಧ ಇದೆ, ಗಂಡುಬೀರಿ. ಇನ್ನೊಂದು ಬಜಾರಿ. ಗಂಡಸು ಗಟ್ಟಿಯಾಗಿ ಹೇಳಿದರೆ ‘ಸರ್ ತುಂಬಾ ಸ್ಟ್ರಿಕ್ಟ್.’ ಹೆಂಗಸು ಅದೇ ಮಾತು ಹೇಳಿದರೆ ‘ಅಯ್ಯೋ, ಆ ಮೇಡಂ ಭಾರೀ ಜೋರು.’ ಮೆದುವಾಗಿ ಹೇಳಿದರೋ, ‘ಪಾಪ, ಒಳ್ಳೆಯವರು, ಆದರೆ ಆಡಳಿತ ಅವರ ಕೈಲಿ ಆಗಲ್ಲ.’ ಎತ್ತ ಹೋದರೂ ಕಟ್ಟು. ಆಲಿಸ್ ಈಗ್ಲಿ, ಸ್ಟೀವನ್ ಕರಾವ್ ಎಂಬ ಮನಶ್ಶಾಸ್ತ್ರಜ್ಞರು 2002ರಲ್ಲಿ ಇದನ್ನೇ ವಿವರಿಸಿದರು. ನಾಯಕ ಅಂದ ಕೂಡಲೇ ನಮ್ಮ ಮನಸ್ಸಿಗೆ ಬರುವ ಗುಣಗಳು ಬೇರೆ, ಹೆಣ್ಣು ಅಂದಾಗ ಬರುವ ಗುಣಗಳು ಬೇರೆ. ಅದಕ್ಕೇ ಅವಳು ನಾಯಕಿಯಾಗಲು ತಕ್ಕವಳಲ್ಲ ಅನಿಸುತ್ತದೆ. ನಾಯಕಿಯಾಗಿ ಚೆನ್ನಾಗಿ ಮಾಡಿದರೆ ಹೆಣ್ಣಾಗಿ ಸರಿಯಿಲ್ಲ ಅನಿಸುತ್ತದೆ.

ನಾವು ಹೆಂಗಸರೂ ಇದರಿಂದ ಹೊರಗಿಲ್ಲ. 2012ರಲ್ಲಿ ಅಮೆರಿಕದ 127 ವಿಜ್ಞಾನ ಪ್ರಾಧ್ಯಾಪಕರಿಗೆ ಪ್ರಯೋಗಾಲಯದ ಮ್ಯಾನೇಜರ್ ಕೆಲಸದ ಅರ್ಜಿಯೊಂದನ್ನು ತೋರಿಸಿದರು. ಅಕ್ಷರ ಅಕ್ಷರವೂ ಒಂದೇ ಅರ್ಜಿ. ಅರ್ಧದಷ್ಟು ಜನಕ್ಕೆ ಹೆಸರು ಜಾನ್, ಉಳಿದವರಿಗೆ ಜೆನಿಫರ್. ಜಾನ್‌ಗೆ ಸರಾಸರಿ 30,238 ಡಾಲರ್ ಸಂಬಳ ಕೊಡಬಹುದು ಅಂದರು. ಜೆನಿಫರ್‌ಗೆ 26,508. ಮಹಿಳಾ ಪ್ರಾಧ್ಯಾಪಕಿಯರೂ ಹಾಗೇ ಮಾಡಿದರು. ಇದನ್ನು ಮೊದಲ ಸಲ ಓದಿದಾಗ ಪುಸ್ತಕ ಮಡಚಿಟ್ಟು ತುಂಬಾ ಹೊತ್ತು ಕೂತಿದ್ದೆ. ನಾನೇ ಹಿಂದೆ ಒಂದು ಸಂದರ್ಶನ ಸಮಿತಿಯಲ್ಲಿದ್ದಾಗ, ಹುಡುಗಿಯೊಬ್ಬಳನ್ನು ‘ಮಗು ಚಿಕ್ಕದಲ್ವಾ, ಯಾರು ನೋಡ್ಕೊಳ್ತಾರೆ?’ ಎಂದು ಕೇಳಿದ್ದೆ. ಕಾಳಜಿಯಿಂದಲೇ ಕೇಳಿದೆ. ಅವಳ ನಂತರ ಬಂದ ಹುಡುಗನಿಗೂ ಚಿಕ್ಕ ಮಗು ಇತ್ತು. ಅವನನ್ನು ಕೇಳಲಿಲ್ಲ. ಆ ಹುಡುಗಿ ಇವತ್ತು ಸಿಕ್ಕರೆ ಕ್ಷಮೆ ಕೇಳುತ್ತೇನೆ.

ಇನ್ನು ನನಗೆ ಬಹಳ ಇಷ್ಟವಾದ ಒಂದು ಸಂಗತಿ. 2011ರ ಜುಲೈ 15. ಜಿಸ್ಯಾಟ್-12 ಉಪಗ್ರಹ ಶ್ರೀಹರಿಕೋಟಾದಿಂದ ಮೇಲೇರಿತು. ರಾಕೆಟ್ ತನ್ನ ಕೆಲಸ ಮುಗಿಸಿದ ಮೇಲೆ ಉಪಗ್ರಹವನ್ನು ಹಂತ ಹಂತವಾಗಿ ಅದರ ಕಕ್ಷೆಗೆ ಏರಿಸಬೇಕು. ಆ ಕೆಲಸ ನಡೆದದ್ದು ನಮ್ಮ ಹಾಸನದ ನಿಯಂತ್ರಣ ಕೇಂದ್ರದಲ್ಲಿ. ಯೋಜನಾ ನಿರ್ದೇಶಕಿ ಟಿ.ಕೆ. ಅನುರಾಧಾ. ಮಿಷನ್ ನಿರ್ದೇಶಕಿ ಪ್ರಮೋದಾ ಹೆಗಡೆ. ಕಾರ್ಯಾಚರಣೆ ನಿರ್ದೇಶಕಿ ಅನುರಾಧಾ ಪ್ರಕಾಶಂ. ಮೂರು ಕುರ್ಚಿ, ಮೂರರಲ್ಲೂ ಹೆಂಗಸರು.

ಆದರೆ ನಮ್ಮೆಲ್ಲರ ನೆನಪಿನಲ್ಲಿ ಉಳಿದಿರುವುದು ಬೇರೆ ಚಿತ್ರ. 2014ರಲ್ಲಿ ಮಂಗಳಯಾನ ಮಂಗಳನ ಕಕ್ಷೆ ಸೇರಿದ ದಿನ, ರೇಷ್ಮೆ ಸೀರೆ ಉಟ್ಟು ಹೂ ಮುಡಿದ ಹೆಂಗಸರು ಸಂಭ್ರಮಿಸುವ ಫೋಟೋ. ಅವರು ಆಡಳಿತ ವಿಭಾಗದ ಸಿಬ್ಬಂದಿ ಎಂದು ಇಸ್ರೋ ಆಮೇಲೆ ತಿಳಿಸಿತು. ಅವರ ಸಂತೋಷ ನಿಜವಾದದ್ದೇ. ಅದೇ ಯೋಜನೆಯಲ್ಲಿ ನಂದಿನಿ ಹರಿನಾಥ್, ರಿತು ಕರಿಧಾಲ್ ಉಪ ಕಾರ್ಯಾಚರಣೆ ನಿರ್ದೇಶಕಿಯರಾಗಿ ಕೆಲಸ ಮಾಡಿದ್ದರು. ಅವರ ಮುಖ ಎಷ್ಟು ಜನಕ್ಕೆ ನೆನಪಿದೆ? ಸೀರೆ, ಹೂವು ನೆನಪಿಟ್ಟೆವು. ಹುದ್ದೆ ನೆನಪಿಡಲಿಲ್ಲ.

2019ರಲ್ಲಿ ಚಂದ್ರಯಾನ-2 ಹೊರಟಿತು. ಯೋಜನಾ ನಿರ್ದೇಶಕಿ ಎಂ. ವನಿತಾ. ಆ ಜವಾಬ್ದಾರಿ ಒಪ್ಪಿಕೊಳ್ಳಲು ವನಿತಾ ಮೊದಲು ಹಿಂಜರಿದರು, ನಾನೇ ಒಪ್ಪಿಸಿದೆ ಎಂದು ಹಿರಿಯ ವಿಜ್ಞಾನಿ ಅಣ್ಣಾದುರೈ ಪತ್ರಿಕೆಗಳಿಗೆ ಹೇಳಿದ್ದಾರೆ. ಅದನ್ನು ಓದಿದಾಗ ನನ್ನ ಅಕ್ಕಿ ಪಾತ್ರೆ ನೆನಪಾಯಿತು. ಅಷ್ಟು ದೊಡ್ಡ ಎಂಜಿನಿಯರಿಗೂ ಮೊದಲ ಕ್ಷಣದಲ್ಲಿ ಹಿಂಜರಿಕೆ ಬಂದಿತ್ತು. ಅವರಿಗೆ ಆಸಕ್ತಿ ಇರಲಿಲ್ಲ ಎಂದು ಈಗ ಯಾರಾದರೂ ಹೇಳುತ್ತಾರಾ? ಅವರನ್ನು ಎರಡನೇ ಸಲ ಕೇಳುವವರು ಇದ್ದರು. ನನ್ನನ್ನು ಒಂದೇ ಸಲ ಕೇಳಿದರು. ನನ್ನ ಮೊದಲ ಮಾತನ್ನೇ ಕೊನೆಯ ಮಾತು ಎಂದು ಬರೆದುಕೊಂಡರು. ನಾನೂ ಮತ್ತೆ ಹೋಗಿ, ‘ಸರ್, ಯೋಚಿಸಿದೆ, ನನಗೆ ಬೇಕು’ ಅನ್ನಲಿಲ್ಲ. ಮಾರನೇ ದಿನ ಬೆಳಿಗ್ಗೆ ಅವರ ಕೋಣೆಯ ಮುಂದೆಯೇ ನಡೆದು ಹೋದೆ. ಬಾಗಿಲು ತೆರೆದಿತ್ತು.

ಇಲ್ಲಿ ಕೂತಿರುವ ಅಧ್ಯಾಪಕರಿಗೆ ಎರಡು ಮಾತು. ಯಾವುದೇ ಜವಾಬ್ದಾರಿ ಇದ್ದರೂ ಒಬ್ಬರನ್ನು ಕರೆದು ಗುಟ್ಟಾಗಿ ಕೇಳಬೇಡಿ. ನೋಟೀಸು ಹಾಕಿ, ಎಲ್ಲರಿಗೂ ಒಂದು ವಾರ ಸಮಯ ಕೊಡಿ. ನನ್ನಂಥವರಿಗೆ ಅಕ್ಕಿ ತೊಳೆಯುವಷ್ಟು ಹೊತ್ತು ಬೇಕಾಗುತ್ತದೆ. ಮಿನಿಟ್ಸ್ ಪುಸ್ತಕ, ಸ್ವಾಗತ, ವಂದನಾರ್ಪಣೆ ಎಲ್ಲವನ್ನೂ ಸರದಿ ಮೇಲೆ ಹಂಚಿ. ಹುಡುಗರ ಅಕ್ಷರವೂ ಚೆನ್ನಾಗಿರುತ್ತದೆ.

ಗಂಡುಮಕ್ಕಳೇ, ನಿಮ್ಮನ್ನು ಬಯ್ಯಲು ಬಂದಿಲ್ಲ. ನಾಳೆ ನಿಮ್ಮ ಮನೆಯಲ್ಲಿ ಅಕ್ಕನೋ ತಂಗಿಯೋ ‘ನಾನು ಅರ್ಜಿ ಹಾಕಲಾ?’ ಎಂದು ಕೇಳಬಹುದು. ಆ ಹೊತ್ತಿಗೆ ನಿಮ್ಮ ಬಾಯಿಂದ ಏನು ಬರುತ್ತದೆ ಎಂದು ಈಗಲೇ ಯೋಚಿಸಿಟ್ಟುಕೊಳ್ಳಿ.

ಹುಡುಗಿಯರೇ, ಸಹ ಕಾರ್ಯದರ್ಶಿಗೆ ಹೆಸರು ಕೊಟ್ಟ ಏಳು ಜನ ಯಾರು ಎಂದು ನನಗೆ ಗೊತ್ತಿಲ್ಲ. ಅಧ್ಯಕ್ಷ ಸ್ಥಾನಕ್ಕೆ ಹೆಸರು ಕೊಡಲು ಇನ್ನೂ ಮೂರು ದಿನ ಇದೆ ಎಂದು ನಿಮ್ಮ ಪ್ರಾಂಶುಪಾಲರು ಹೇಳಿದರು. ಕೊಟ್ಟ ಹೆಸರನ್ನು ವಾಪಸ್ ತೆಗೆದು ಬೇರೆ ಸ್ಥಾನಕ್ಕೆ ಕೊಡಬಹುದಾ ಎಂದು ಕೇಳಿದೆ. ಕೊಡಬಹುದು ಅಂದರು. ಫಾರ್ಮು ಕೆಮಿಸ್ಟ್ರಿ ವಿಭಾಗದಲ್ಲಿ ಸಿಗುತ್ತದೆ. ಒಂದೇ ಹಾಳೆ. ಸಂಜೆ ನಾಲ್ಕರವರೆಗೆ ತಗೋತಾರೆ.